ಮಕ್ಕಳ ಹಲ್ಲು, ಹಿರಿಯರ ಹೊಣೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ಮುದುಕರನ್ನು ನೆನೆದು ಆಡುತ್ತೇವೆ. ಆದರೆ ಐದು ವರ್ಷದ ಕೂಸೊಂದು ದವಡೆಯನ್ನು ಹಿಡಿದುಕೊಂಡು ರಾತ್ರಿಯೆಲ್ಲ ಅಳುವುದನ್ನು ಕಂಡವರಿಗೆ ಆ ಗಾದೆಯಲ್ಲಿ ನಗೆ ತೋರದು.

ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದು ನೆಲೆಸಿದ ನಮ್ಮ ಬಂಧುಗಳ ಸಂಸಾರದ ರೀತಿಯನ್ನು ನೋಡಿರಿ. ಹೋಟೆಲಿನಲ್ಲಿ ದುಡಿಯುವ ತಂದೆ ಮನೆ ಸೇರುವಾಗ ರಾತ್ರಿ ಹನ್ನೊಂದು ಗಂಟೆ. ಹಗಲೆಲ್ಲ ಮಗುವಿನ ಮುಖವನ್ನು ಕಾಣದ ಆತ, ಕೈಯಲ್ಲಿ ತಂದ ಮೈಸೂರುಪಾಕಿನ ಪೊಟ್ಟಣವನ್ನು ಬಿಚ್ಚಿ ನಿದ್ದೆಗಣ್ಣಿನ ಮಗುವಿನ ಬಾಯಿಗೆ ಒಂದು ತುಂಡನ್ನಿಡುತ್ತಾನೆ. ಗುಮಾಸ್ತನ ಮನೆಯಲ್ಲಿ ಬೆಳಗಿನ ಅವಸರ. ಮಗು ಬ್ರಷ್ಷನ್ನು ಕಚ್ಚಿ ಎಸೆದರೂ ನೋಡಲು ಬಿಡುವಿಲ್ಲ. ಎರಡೂ ಕಡೆ ಪ್ರೀತಿಗೆ ಕೊರತೆಯಿಲ್ಲ. ಕೊರತೆಯಿರುವುದು ತಿಳಿವಳಿಕೆಗೆ.

ನಮ್ಮ ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಹಗಲಿನಲ್ಲಿ ಜೊಲ್ಲು ಈ ಆಮ್ಲವನ್ನು ತೊಳೆದು ಹಲ್ಲನ್ನು ಕಾಯುತ್ತದೆ. ನಿದ್ದೆಯಲ್ಲಾದರೋ ಜೊಲ್ಲು ಬಹಳ ಕಡಿಮೆ. ಆದುದರಿಂದಲೇ ಮಲಗುವ ಮುನ್ನ ತಿಂದ ಸಿಹಿ, ಬಾಯಲ್ಲಿಟ್ಟುಕೊಂಡೇ ನಿದ್ರಿಸುವ ಹಾಲಿನ ಬಾಟಲಿ, ಇವೆರಡೂ ಹಲ್ಲಿಗೆ ಶತ್ರುಗಳು. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ನಡೆದು 1954ರಲ್ಲಿ ಪ್ರಕಟವಾದ ಪ್ರಯೋಗವೊಂದು, ಊಟದೊಡನೆ ತಿಂದ ಸಕ್ಕರೆಗಿಂತ ಊಟದ ನಡುನಡುವೆ ತಿಂದ ಅಂಟುವ ಸಿಹಿಯೇ ಹುಳುಕಿಗೆ ಹೆಚ್ಚು ಕಾರಣವೆಂದು ತೋರಿಸಿತು. ಬುದ್ಧಿಮಾಂದ್ಯ ರೋಗಿಗಳ ಮೇಲೆ, ಅವರ ಸಮ್ಮತಿಯಿಲ್ಲದೆ ನಡೆಸಿದ ಆ ಪ್ರಯೋಗದ ಕ್ರಮವನ್ನು ಇಂದು ಯಾರೂ ಒಪ್ಪರು. ಅಷ್ಟು ಬೆಲೆ ತೆತ್ತು ದೊರೆತ ಸತ್ಯವನ್ನು ಅಲಕ್ಷಿಸುವುದೂ ಸಲ್ಲದು.

“ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತದೆ” ಎನ್ನುವವರುಂಟು. ಇಪ್ಪತ್ತು ಹಾಲುಹಲ್ಲುಗಳಲ್ಲಿ ಕೊನೆಯವು ಬೀಳಲು ಹನ್ನೊಂದು ಹನ್ನೆರಡು ವರ್ಷಗಳೇ ಆಗಬೇಕು. ಅವು ಅಕಾಲದಲ್ಲಿ ಹೋದರೆ ಮಗು ಸರಿಯಾಗಿ ಅಗಿಯಲಾರದು. ಮುಂದೆ ಬರುವ ಹಲ್ಲುಗಳಿಗೂ ಸ್ಥಳ ತಪ್ಪುತ್ತದೆ. ಇನ್ನೊಂದು ಸಂಗತಿ: ಸುಮಾರು ಆರನೆಯ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ ಹೊಸ ದವಡೆಹಲ್ಲೊಂದು ಸದ್ದಿಲ್ಲದೆ ಮೂಡುತ್ತದೆ. ಯಾವ ಹಲ್ಲೂ ಬೀಳದೆ ಬಂದುದರಿಂದ ಅದನ್ನೂ ಹಾಲುಹಲ್ಲೆಂದೇ ಹಲವರು ಭಾವಿಸುತ್ತಾರೆ. ಅದು ಶಾಶ್ವತವಾದ ಹಲ್ಲು. ಕೆಟ್ಟರೆ ಮತ್ತೆ ಬಾರದು.

ಮೊದಲ ಹಲ್ಲು ಮೂಡಿದಂದಿನಿಂದಲೇ ಶುಚಿಮಾಡುವುದು ಮೊದಲಾಗಬೇಕು. ಮೃದುವಾದ ಸಣ್ಣ ಬ್ರಷ್ಷಿನಿಂದ ಬೆಳಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ, ಎರಡೆರಡು ನಿಮಿಷ ಉಜ್ಜಿದರೆ ಸಾಕು. ಫ್ಲೋರೈಡ್ ಇರುವ ಪೇಸ್ಟು ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಕಾಳಿನಷ್ಟು ಇರಲಿ. ನುಂಗದೆ ಉಗುಳುವುದನ್ನು ಕಲಿಸಿರಿ. ಇದ್ದಿಲು, ಇಟ್ಟಿಗೆಪುಡಿಗಳು ಹಲ್ಲನ್ನು ಸವೆಸುತ್ತವೆ. ಹೊಗೆಸೊಪ್ಪಿನ ಪುಡಿಯಂತೂ ಮನೆಯೊಳಗೇ ಬರಬಾರದು. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಆ ಹದ ಬಾರದು. ಆದುದರಿಂದ ಅದು ತಾನೇ ಉಜ್ಜಿಕೊಂಡ ಮೇಲೆ ಹಿರಿಯರೊಮ್ಮೆ ಉಜ್ಜಬೇಕು. ಗದರಿಕೆಗಿಂತ ಅನುಕರಣೆ ಮೇಲು: ತಂದೆ ಮಗುವಿನ ಪಕ್ಕದಲ್ಲಿ ನಿಂತು ತಾನೂ ಹಲ್ಲುಜ್ಜಿದರೆ ಉಪದೇಶ ಬೇಕಾಗದು.

ಈ ಸೀಮೆಯ ನೀರಿನ ವಿಚಾರವನ್ನೂ ಹೇಳಬೇಕು. ನಲ್ಗೊಂಡ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿಯೂ, ನಮ್ಮ ರಾಯಚೂರು ಸೀಮೆಯ ಕೆಲವೆಡೆಯೂ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರನ್ನು ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದುಬಣ್ಣದ ಕಲೆಗಳು ನಿಲ್ಲುತ್ತವೆ. ಅದು ಕೊಳೆಯಲ್ಲ, ಉಜ್ಜಿದರೆ ಹೋಗದು. ಅಂಥ ಮಗುವನ್ನು “ಹಲ್ಲುಜ್ಜದವನು” ಎಂದು ಹಂಗಿಸುವುದು ಅನ್ಯಾಯ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದೆಂಬುದನ್ನು ಕೊಳವೆಬಾವಿಯ ನೀರನ್ನು ಕುಡಿಯುವವರು ನೆನಪಿಡಬೇಕು; ಪರೀಕ್ಷೆ ಮಾಡಿಸುವುದೇ ದಾರಿ.

ಹಲ್ಲಿನಲ್ಲಿ ಬಿಳಿಯ ಮಚ್ಚೆಯಾಗಲಿ ಕರಿಯ ಚುಕ್ಕೆಯಾಗಲಿ ಕಂಡೊಡನೆ, ನೋವಿಗಾಗಿ ಕಾಯದೆ, ವೈದ್ಯರಿಗೆ ತೋರಿಸಿರಿ. ಅಫ್ಜಲ್‌ಗಂಜಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜಿನ ಆಸ್ಪತ್ರೆಯಿದೆ. ಮೊದಲಲ್ಲೇ ತೋರಿಸಿದರೆ ಅರ್ಧ ದಿನದ ರಜೆಯಲ್ಲಿ ಮುಗಿಯುವ ಕೆಲಸ, ತಡಮಾಡಿದರೆ ಹಲವು ದಿನಗಳ ಕೂಲಿಯನ್ನು ನುಂಗೀತು.

ಮಕ್ಕಳ ಬಾಯಲ್ಲಿ ಕನ್ನಡ ಉಳಿಯಲೆಂದು ಈ ಊರಿನಲ್ಲಿ ನೃಪತುಂಗ ಶಾಲೆಯನ್ನು ಕಟ್ಟಿದ ಸಮಾಜ ನಮ್ಮದು. ಅದೇ ಬಾಯಿಯ ಹಲ್ಲನ್ನು ಉಳಿಸಲು ಕಟ್ಟಡವೂ ಬೇಡ, ಚಂದಾವೂ ಬೇಡ. ರಾತ್ರಿ ತಂದ ಪೊಟ್ಟಣವನ್ನು ಗೂಡಿನಲ್ಲಿಟ್ಟು, ಮರುದಿನ ಮಧ್ಯಾಹ್ನದ ಊಟದೊಡನೆ ಕೊಡುವಂತೆ ಮನೆಯಾಕೆಗೆ ಹೇಳಿದರಾಯಿತು. ಅಪ್ಪ ತಂದ ಸಿಹಿಯ ರುಚಿ ಅದರಿಂದ ಕಡಿಮೆಯಾಗದು.