ಹೆಬ್ಬಾಳದ ಕೊಳೆನೀರು ಕಂದವಾರದ ಕೆರೆಗೆ

ಉತ್ತರ ಬೆಂಗಳೂರಿನ ಹೆಬ್ಬಾಳ, ಯಲಹಂಕ, ಜಕ್ಕೂರಿನಲ್ಲಿ ಬಿದ್ದ ಮಳೆ ಕಾವೇರಿ ಸೇರುವುದಿಲ್ಲ. ಇಲ್ಲಿನ ಇಳಿಜಾರು ದಕ್ಷಿಣ ಪಿನಾಕಿನಿಯ ಕಡೆಗೆ. ಒಂದು ಕೆರೆ ಕೋಡಿ ಬಿದ್ದು ಇನ್ನೊಂದನ್ನು ತುಂಬುತ್ತ ನೀರು ಪೂರ್ವಕ್ಕೆ ಸಾಗುತ್ತದೆ. ಆದರೂ ಆರ್‌.ಟಿ. ನಗರದ ನಲ್ಲಿಯಲ್ಲಿ ಬರುವುದು ಕಾವೇರಿ. ಸುಮಾರು 100 ಕಿಲೋಮೀಟರ್‌ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಿ ತಂದ ನೀರು.

ನದಿಯ ಕಣಿವೆಗೆ ಸೇರದ ಬಡಾವಣೆಗಳಿಗೆ ಆ ನದಿಯಲ್ಲಿ ಪಾಲುಂಟೇ? 2007ರ ಅಂತಿಮ ತೀರ್ಪಿನಲ್ಲಿ ಕಾವೇರಿ ನ್ಯಾಯಮಂಡಳಿ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಣಿವೆಯೊಳಗಿದೆ ಎಂದು ಲೆಕ್ಕ ಹಾಕಿತ್ತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್‌ ಆ ಲೆಕ್ಕವನ್ನು ಬದಲಿಸಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಬಂತು. ಮಳೆ ಕೈಕೊಟ್ಟ ವರ್ಷ ಕೆಆರ್‌ಎಸ್‌ನ ನೀರನ್ನು ಮೊದಲು ಕುಡಿಯಲು ತೆಗೆದಿಟ್ಟು, ಉಳಿದದ್ದನ್ನು ನಾಲೆಗೆ ಬಿಡುವುದು ಕ್ರಮ. ಬೇಸಿಗೆ ಬೆಳೆ ಇಡಬೇಡಿ ಎಂಬ ಸೂಚನೆ ಹೋಗುವುದು ಮಂಡ್ಯದ ಗದ್ದೆಗಳಿಗೆ. ನಗರದ ಪಾಲಿನ ಹಿಂದೆ ಆ ಗದ್ದೆಗಳಿವೆ ಎಂಬುದನ್ನು ಉತ್ತರ ಬೆಂಗಳೂರು ಮರೆಯಬಾರದು.

ರೈತರ ನೀರನ್ನು ಹೀಗೆ ತಂದ ನಗರ, ಬಳಸಿದ ಮೇಲೆ ಅದನ್ನು ಇನ್ನೊಂದು ಜಿಲ್ಲೆಯ ರೈತರಿಗೆ ಕೊಡುತ್ತಿದೆ. ಈ ವ್ಯವಸ್ಥೆಯ ಹೆಸರು ಹೆಬ್ಬಾಳ–ನಾಗವಾರ ಕಣಿವೆ ಯೋಜನೆ, ಬಾಯಿಮಾತಿನಲ್ಲಿ ಎಚ್‌.ಎನ್‌. ವ್ಯಾಲಿ. ಕೊಳೆನೀರನ್ನು ಶುದ್ಧೀಕರಿಸುವುದು ಬೆಂಗಳೂರು ಜಲಮಂಡಳಿ, ಅದನ್ನು ಕೆರೆಗಳಿಗೆ ಹರಿಸುವುದು ಸಣ್ಣ ನೀರಾವರಿ ಇಲಾಖೆ. ಯೋಜನೆಯ ಪ್ರಮಾಣ ದಿನಕ್ಕೆ 21 ಕೋಟಿ ಲೀಟರ್‌, ಕೆರೆಗಳು 65. ಅವುಗಳಲ್ಲಿ ಹೆಚ್ಚಿನವು ಚಿಕ್ಕಬಳ್ಳಾಪುರ ಜಿಲ್ಲೆಯವು.

ಹೆಬ್ಬಾಳದ ಶುದ್ಧೀಕರಣ ಘಟಕಕ್ಕೆ ಬರುವ ನೀರು ಕಪ್ಪು. ಮೊದಲು ಕಬ್ಬಿಣದ ಜಾಲರಿಗಳಲ್ಲಿ ಪ್ಲಾಸ್ಟಿಕ್‌, ಬಟ್ಟೆಚೂರು ಸಿಕ್ಕಿಕೊಳ್ಳುತ್ತವೆ. ಮರಳು ತಳಕ್ಕಿಳಿಯುತ್ತದೆ. ಆಮೇಲೆ ದೊಡ್ಡ ತೊಟ್ಟಿಗಳಲ್ಲಿ ತಳದಿಂದ ಗಾಳಿ ಊದುತ್ತಾರೆ. ಕಂದು ನೀರು ಕೊತಕೊತ ಕುದಿಯುವಂತೆ ಮೇಲೇಳುತ್ತದೆ, ಅದರೊಳಗಿನ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತವೆ. ಕೆಸರು ಕೆಳಗೆ ಕೂತ ಮೇಲೆ ಮೇಲಿನ ತಿಳಿನೀರು ಪಂಪ್‌ಮನೆಗೆ ಹೋಗಿ, ಬಾಗಲೂರು ಕಡೆಯಿಂದ ಚಿಕ್ಕಬಳ್ಳಾಪುರದ ಕಂದವಾರ ಕೆರೆಯವರೆಗೆ ಕೊಳವೆಯಲ್ಲಿ ಸಾಗುತ್ತದೆ. ಅಲ್ಲಿಂದ ಮುಂದಕ್ಕೆ ಹಳೆಯ ಏರ್ಪಾಡೇ: ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು.

ಈ ಸೀಮೆಯಲ್ಲಿ ಜೀವನದಿಯಿಲ್ಲ. ಹಿಂದೆ ಕೆರೆ ನೀರನ್ನು ಹಂಚುತ್ತಿದ್ದವನು ನೀರಗಂಟಿ. ತೂಬು ಎತ್ತುವವನೂ ಮುಚ್ಚುವವನೂ ಅವನೇ. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವ ಸರದಿ, ಕೆರೆ ಅರೆಬರೆ ತುಂಬಿದ ವರ್ಷ ಎಷ್ಟು ಭೂಮಿಗೆ ನೀರು ಎಂಬ ಲೆಕ್ಕ ಅವನ ಕೈಯಲ್ಲಿರುತ್ತಿತ್ತು. ಸುಗ್ಗಿಯಲ್ಲಿ ಊರು ಅವನಿಗೆ ಧಾನ್ಯ ಅಳೆದು ಕೊಡುತ್ತಿತ್ತು.

ಈಗ ಕೆರೆಗೆ ನೀರು ಬಂದಿದೆ, ತೂಬು ಮಾತ್ರ ಮುಚ್ಚಿದೆ. ಯೋಜನೆಯ ನಿಯಮವೇ ಹಾಗೆ: ಈ ನೀರನ್ನು ನೇರವಾಗಿ ಹೊಲಕ್ಕೆ ಹಾಯಿಸುವಂತಿಲ್ಲ, ಕೆರೆಗೆ ಮೋಟರ್‌ ಇಡುವಂತಿಲ್ಲ. ನೀರು ನೆಲಕ್ಕೆ ಇಂಗಬೇಕು, ರೈತರು ಅದನ್ನು ಕೊಳವೆಬಾವಿಯಿಂದ ಎತ್ತಿಕೊಳ್ಳಬೇಕು. ಮಣ್ಣಿನಲ್ಲಿ ಸೋಸಿದ ನೀರು ಹೆಚ್ಚು ಸುರಕ್ಷಿತ ಎಂಬ ಕಾರಣ ಸರಿಯೇ. ಆದರೆ ಹಂಚಿಕೆ ಆಗ ತೂಬಿನಿಂದ ಬೋರ್‌ವೆಲ್‌ಗೆ ಜಾರುತ್ತದೆ. ಕೆರೆಯ ಹತ್ತಿರ ಜಮೀನಿದ್ದವನಿಗೆ, ಆಳದ ಬೋರ್‌ ಕೊರೆಸಲು ಶಕ್ತಿಯಿದ್ದವನಿಗೆ ನೀರು ಸಿಗುತ್ತದೆ; ಉಳಿದವರು ಏರಿಯ ಮೇಲೆ ನಿಂತು ತುಂಬಿದ ಕೆರೆ ನೋಡಬೇಕು. ಮೇಲಿನ ಕೆರೆಯಲ್ಲಿ ಕದ್ದು ಮೋಟರ್‌ ಇಟ್ಟರೆ, ರಾಜಕಾಲುವೆ ಒತ್ತುವರಿಯಾದರೆ ಕೆಳಗಿನ ಊರಿಗೆ ಕೋಡಿ ನೀರು ತಲುಪುವುದೇ ಇಲ್ಲ. ಸರದಿ ಹೇಳುವ ಅಧಿಕಾರ ಊರಿನ ಯಾರಿಗೂ ಇಲ್ಲ ಎನ್ನುವುದು ಈ ಯೋಜನೆಯ ದೊಡ್ಡ ಕೊರತೆ.

ಗುಣಮಟ್ಟದ ಜಗಳ ಇನ್ನೂ ಹಳೆಯದು. ಇದೇ ಮಾದರಿಯ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಎದ್ದಿತು. ವ್ಯಾಜ್ಯ ಹೈಕೋರ್ಟ್‌ ದಾಟಿ ಸುಪ್ರೀಂ ಕೋರ್ಟ್‌ ತಲುಪಿತು. ಈಗ ಹರಿಯುತ್ತಿರುವುದು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು. ಮೂರನೇ ಹಂತವೂ ಬೇಕೆಂದು ಕೋಲಾರ, ಚಿಕ್ಕಬಳ್ಳಾಪುರದ ಹೋರಾಟಗಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಬೇಡಿಕೆ ನ್ಯಾಯವಾದದ್ದು. ಯಲಹಂಕದಲ್ಲಿ ಮೂರನೇ ಹಂತದ ಘಟಕವೊಂದಿದೆ. ಅದರ ನೀರು ವಿಮಾನ ನಿಲ್ದಾಣಕ್ಕೆ, ರೈಲು ಗಾಲಿ ಕಾರ್ಖಾನೆಗೆ ಹೋಗಿದೆ. ಕಾರ್ಖಾನೆಗೆ ಸಾಧ್ಯವಾದ ಶುದ್ಧತೆ, ಸೊಪ್ಪು, ಹೂವು ಬೆಳೆಯುವವರ ಕೆರೆಗೆ ದುಬಾರಿ ಎನ್ನುವುದು ಹೇಗೆ?

ಇನ್ನು ಮುಂದೆ ಇದೇ ನೀರಿಗೂ ಪೈಪೋಟಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಶುದ್ಧೀಕರಿಸಿದ ನೀರಿನಿಂದ ನಗರದ ಕೆರೆಗಳನ್ನು ತುಂಬಿಸಲು ಹೊರಟಿತು. ಕಟ್ಟಡ ಕಾಮಗಾರಿಗೆ, ಉದ್ಯಾನಗಳಿಗೆ ಅದನ್ನೇ ಬಳಸಲು ಒತ್ತಾಯಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶಕ್ಕೆಂದು ದಿನಕ್ಕೆ 77.5 ಕೋಟಿ ಲೀಟರ್‌ ಹೆಚ್ಚುವರಿ ನೀರಿನ ದಾರಿ ತೆರೆಯಿತು. ಅದರ ಜೊತೆಗೆ ಕೊಳೆನೀರೂ ಹೆಚ್ಚುತ್ತದೆ, ಅದನ್ನು ದುಡ್ಡು ಕೊಟ್ಟು ಕೊಳ್ಳುವವರೂ ಹೆಚ್ಚುತ್ತಾರೆ. ಯೋಜನೆಯ ಕೆರೆಗಳ ಪಾಲಿನ 21 ಕೋಟಿ ಲೀಟರ್‌ ಬರಗಾಲದ ವರ್ಷವೂ ಕಡಿತವಾಗದಂತೆ ಬರಹದಲ್ಲಿ ಖಾತರಿಪಡಿಸಬೇಕಾದ ಕಾಲ ಇದು, ಕೊಳ್ಳುವವರು ಸಾಲುಗಟ್ಟುವ ಮೊದಲೇ.