ಟ್ರಂಕಿನ ಸೀರೆಗೆ ಮನೆಯಲ್ಲೇ ಕೆಲಸವಿದೆ

ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ತಗಡಿನ ಟ್ರಂಕು ತೆರೆದರೆ ಉಟ್ಟು ಮೆತ್ತಗಾದ ಹತ್ತಿ ಸೀರೆ, ಅಂಚು ಹರಿದ ದುಪಟ್ಟಾ, ಮಕ್ಕಳಿಗೆ ಗಿಡ್ಡವಾದ ಅಂಗಿಗಳು ಸಿಕ್ಕೇ ಸಿಗುತ್ತವೆ. ಉಡಲು ಬಾರದು, ಎಸೆಯಲು ಮನಸ್ಸಾಗದು. ಪಾತ್ರೆ ಮಾರುವವಳಿಗೆ ಕೊಟ್ಟರೆ ಒಂದು ಸ್ಟೀಲ್ ಬಟ್ಟಲು ಸಿಗಬಹುದು. ಆದರೆ ಕೊಡುವ ಮುನ್ನ ಸ್ವಲ್ಪ ಲೆಕ್ಕ ಹಾಕಿ ನೋಡಿ.

ಸೀರೆಯ ಉದ್ದ 5.5 ಮೀಟರ್, ಅಂದರೆ ಸುಮಾರು 216 ಇಂಚು. ಫಾಲ್ ಬಿಚ್ಚಿ, ಒಗೆದು, ಬೆಳಕಿಗೆ ಹಿಡಿದು ಎಲ್ಲಿ ಸವೆದಿದೆ ನೋಡಿಕೊಳ್ಳಿ. ಗಟ್ಟಿಯಿದ್ದರೆ 90 ಇಂಚಿನ ಎರಡು ತುಂಡು ಕತ್ತರಿಸಿ. ಮೇಲೆ 3 ಇಂಚು ಮಡಚಿ ಸರಳು ಹೋಗುವಷ್ಟು ಜಾಗ ಬಿಟ್ಟು ಹೊಲಿಯಿರಿ, ಕೆಳಗೆ 3 ಇಂಚು ಮಡಚಿ. ಏಳು ಅಡಿಯ ಬಾಗಿಲಿಗೆ ಜೋಡಿ ಪರದೆ ಸಿದ್ಧ. ನೆಲ ಒರೆಸುವಾಗ ತೋಯಬಾರದೆಂದರೆ ಕೆಳಗಿನ ಮಡಿಕೆ ಇನ್ನೊಂದು ಇಂಚು ಹೆಚ್ಚಿರಲಿ. ಉಳಿದ 36 ಇಂಚಿನಲ್ಲಿ ಸೀರೆಯ ಅಗಲಕ್ಕೆ 17 ಇಂಚಿನ ಎರಡು ಪಟ್ಟಿ ಬರುತ್ತವೆ. ಎರಡೂ ತುದಿ ಮಡಚಿ ಹೊಲಿದು, ಒಂದರ ಮೇಲೊಂದು ನಾಲ್ಕಾರು ಇಂಚು ಬರುವಂತೆ ಮಡಚಿ ಪಕ್ಕ ಹೊಲಿದರೆ 16 ಇಂಚಿನ ದಿಂಬಿಗೆ ಕವರು. ಝಿಪ್ಪೂ ಬೇಡ, ಗುಂಡಿಯೂ ಬೇಡ.

ಸವೆದ ಸೀರೆಯಾದರೆ ಕೌದಿಗೆ ಹಾಕಿ. ಮರಾಠಿಯವರ ಗೋಧಡಿ, ಉರ್ದುವಿನ ಗುದಡಿ, ಎಲ್ಲವೂ ಇದೇ. ಮೊದಲ ಸಲವೇ ಹಾಸಿಗೆಯಷ್ಟು ದೊಡ್ಡದಕ್ಕೆ ಕೈ ಹಾಕಬೇಡಿ, ಅರ್ಧಕ್ಕೇ ನಿಲ್ಲುತ್ತದೆ. ಕುಳಿತುಕೊಳ್ಳುವ 18 ಇಂಚಿನ ಚೌಕ ಸಾಕು. ಒಳಗೆ ಹಳೆ ಚಾದರದ ಎರಡು ಮಡಿಕೆ, ಮೇಲೆ ಬಣ್ಣದ ತುಂಡುಗಳು. ದಪ್ಪ ನೂಲಿನಿಂದ ಅಂಚಿನಲ್ಲಿ ಶುರುಮಾಡಿ ಸುತ್ತುತ್ತಾ ನಡುವಿಗೆ ಬನ್ನಿ. ಸಾಲಿಗೂ ಸಾಲಿಗೂ ಅರ್ಧ ಇಂಚು. ಪಾಲಿಯೆಸ್ಟರ್ ಬೆರೆಸಬೇಡಿ. ಸೂಜಿಯಡಿ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ.

ಅಂಚಿನಿಂದ ನಡುವಿಗೆ ಬರುವ ಈ ಕ್ರಮವನ್ನು ಚೆನ್ನಾಗಿ ಬಲ್ಲವರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು. ಅವರದು ಆಫ್ರಿಕಾ ಮೂಲ. ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಅವರಲ್ಲಿದ್ದಾರೆ. ಅವರ ಕವಂದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ತ್ರಿಕೋನದ ಹೂವು ಬೇಕೇ ಬೇಕು. ಹೂವಿಲ್ಲದ ಕವಂದಿ ಬೆತ್ತಲೆ ಇದ್ದಂತೆ ಎನ್ನುತ್ತಾರೆ. ಮುಸ್ಲಿಮರ ಮನೆಯದಾದರೆ ಕೆಲವೊಮ್ಮೆ ಅರ್ಧಚಂದ್ರ ಕಾಣುತ್ತದೆ. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನ ಕಂಡವು. ನಮ್ಮ ಅಜ್ಜಿಯರು ಹೊಲಿದದ್ದನ್ನು ಮಾತ್ರ ನಾವು ಅಟ್ಟಕ್ಕೆ ಹಾಕಿ, ಜಾತ್ರೆಯಲ್ಲಿ ನುಣುಪು ಬ್ಲಾಂಕೆಟ್ ಕೊಂಡು ತರುತ್ತೇವೆ!

ಕೈಯಲ್ಲಿ ಹೊಲಿಯಲು ಸಮಯವಿಲ್ಲದವರು ಊರಲ್ಲಿ ಕೌದಿ ಹೊಲಿಯುವವರಿಗೆ ಬಟ್ಟೆ ಕೊಡುತ್ತಾರೆ. ಒಳ್ಳೆಯದೇ. ಆದರೆ ಬಟ್ಟೆ ನಮ್ಮದೇ ಅಲ್ಲವೇ, ಕೂಲಿ ಇಷ್ಟೇಕೆ ಎಂಬ ಚೌಕಾಸಿ ಅಲ್ಲಿ ಶುರುವಾಗುತ್ತದೆ. ಆ ಚೌಕವನ್ನೊಮ್ಮೆ ನೀವೇ ಹೊಲಿದು ನೋಡಿ, ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಐದಡಿ ಅಗಲ, ಏಳಡಿ ಉದ್ದದ ಕೌದಿ ಅದರ ಹದಿನೈದು ಪಟ್ಟಿಗೂ ಹೆಚ್ಚು. ಆಮೇಲೆ ಕೂಲಿ ಮಾತಾಡಿ. ಹೊಲಿಗೆ ಬಲ್ಲ ಸೊಸೆ, ಮಗಳು ಮನೆಯಲ್ಲೇ ಇದ್ದು ನೆರೆಯವರಿಗೆ ಹೊಲಿದುಕೊಡುವಾಗಲೂ ಇದೇ ಲೆಕ್ಕ ಹಿಡಿಯಬೇಕು. ಮನೆಯ ಕೆಲಸವೆಂದು ಪುಕ್ಕಟೆ ಕೊಡುವುದು ಬೇಡ.

ಇನ್ನು ಒಗೆಯುವ ಮಾತು. ಕೆಂಪು, ಕಡುನೀಲಿ ತುಂಡುಗಳನ್ನು ಜೋಡಿಸುವ ಮೊದಲೇ ಬೇರೆಯಾಗಿ ನೆನೆಹಾಕಿ ಬಣ್ಣ ಬಿಡುತ್ತದೆಯೇ ನೋಡಿ. ಹೊಲಿದ ಕೌದಿಯನ್ನು ಹಿಂಡಬೇಡಿ, ನೂಲು ಕಡಿಯುತ್ತದೆ. ಕಟ್ಟೆಯ ಮೇಲೆ ಹರವಿ ನೀರು ಇಳಿಯಲು ಬಿಡಿ, ಬೇಸಿಗೆ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ.