ಅಕ್ಕಲಕೋಟೆಯ ಅಜ್ಜಿಯ ಸ್ಪ್ಯಾನಿಷ್ ಪಾಠ

ಕಳೆದ ಬೇಸಗೆ ರಜೆಯಲ್ಲಿ ಹತ್ತು ದಿನ ನಾವು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿದ್ದೆವು. ಅಲ್ಲಿಯ ಕನ್ನಡ ಶಾಲೆಯ ಅಧ್ಯಾಪಕ ಮಿತ್ರರೊಬ್ಬರ ಮನೆಯಲ್ಲಿ ಬಿಡಾರ. ಚಂದ್ರಗಿರಿಯ ಉತ್ತರದ ನಮ್ಮ ಕಾಸರಗೋಡಿನಂತೆ ಅಕ್ಕಲಕೋಟೆಯೂ ಕರ್ನಾಟಕಕ್ಕೆ ಸೇರಬೇಕೆಂದು 1967ರ ಮಹಾಜನ ವರದಿ ಹೇಳಿತ್ತೆಂಬುದನ್ನು ಓದುಗರು ಬಲ್ಲರು. ಎರಡೂ ಸೇರಲಿಲ್ಲ. ಆ ಮಾತು ಹಾಗಿರಲಿ. ಈ ಸಲ ನಾವು ಅಲ್ಲಿಂದ ಕಲಿತು ಬಂದದ್ದು ಸ್ಪ್ಯಾನಿಷ್ ಭಾಷೆಯ ನಾಲ್ಕು ಮಾತು!

ಮಿತ್ರರ ತಂಗಿ ಗಂಡನ ಉದ್ಯೋಗದ ನಿಮಿತ್ತ ಮೆಕ್ಸಿಕೊ ದೇಶದ ಗ್ವಾದಲಾಹಾರಾ ಎಂಬ ಪಟ್ಟಣದಲ್ಲಿದ್ದಾರೆ. ಆ ಹೆಸರು ಕೇಳಿದಾಗಲೆಲ್ಲ ಮಿತ್ರರ ತಾಯಿ "ನಮ್ಮ ದನದ ಗ್ವಾದಲಿ ಇದ್ಧಂಗ ಅದ" ಎಂದು ನಗುತ್ತಾರೆ. ಗ್ವಾದಲಿ ಎಂದರೆ ದನಗಳಿಗೆ ಮೇವು ಹಾಕುವ ಕಟ್ಟೆ. ನಗು ಅಷ್ಟಕ್ಕೇ ಮುಗಿಯುತ್ತದೆ. ಅಲ್ಲಿರುವ ಐದು ವರ್ಷದ ಮೊಮ್ಮಗನಿಗೆ ಕನ್ನಡ ಬಾರದು. ತಂದೆಯದು ಬೇರೆ ಭಾಷೆ, ಮನೆಯಲ್ಲಿ ಇಂಗ್ಲಿಷು, ಶಿಶುವಿಹಾರದಲ್ಲಿ ಸ್ಪ್ಯಾನಿಷು. ಇಲ್ಲಿ ಸಂಜೆ 7 ಗಂಟೆಯಾದಾಗ ಅಲ್ಲಿ ಬೆಳಗಿನ 7½. ಆಗ ಫೋನಿನಲ್ಲಿ ಇಬ್ಬರೂ ಮುಖ ನೋಡುತ್ತಾರೆ, ಮಾತಿಲ್ಲ.

"ಕೂಸಿನ ಮಾರಿ ನೋಡ್ಕೋತ ಸುಮ್ಮ ಕುಂದ್ರೂದೇನ್ರಿ ಮಾಸ್ತರ? ಅದರ ಮಾತು ನನಗ ನಾಕು ಕಲಿಸ್ರಿ. ಬರೂ ವರ್ಷ ಈ ಮಾಳಿಗಿ ಕೆಡವತಾರ. ಅಷ್ಟರಾಗ ಅವಗ ಮನಿ ತೋರಿಸಬೇಕು" ಎಂದರು ಅಜ್ಜಿ.

ಅಜ್ಜಿ ಕಲಿತದ್ದು ಕನ್ನಡ ನಾಲ್ಕನೇ ಇಯತ್ತೆ. ಇಂಗ್ಲಿಷ್ ಅಕ್ಷರ ಬಾರದು. ನಾವು ನಿಘಂಟು ನೋಡಿ ಕನ್ನಡ ಲಿಪಿಯಲ್ಲೇ ಚೀಟಿ ಬರೆದೆವು. ಉಚ್ಚಾರವನ್ನು ಮಗಳು ಫೋನಿನಲ್ಲಿ ತಿದ್ದಿದರು. ಕನ್ನಡ ಲಿಪಿ ಈ ಭಾಷೆಗೆ ಇಷ್ಟು ಒಗ್ಗುತ್ತದೆಂದು ನಾವು ಎಣಿಸಿರಲಿಲ್ಲ. ಅವರ 'ತ' ನಮ್ಮ 'ತ'ವೇ, ಇಂಗ್ಲಿಷಿನ 'ಟ' ಅಲ್ಲ. ಹೆಚ್ಚಿನ ಮಾತುಗಳು ನಮ್ಮವುಗಳಂತೆ ಸ್ವರದಲ್ಲಿ ಮುಗಿಯುತ್ತವೆ: ಮನೆ ಕಾಸಾ, ಬಾಗಿಲು ಪ್ವೆರ್ತಾ, ಕಿಟಕಿ ಬೆಂತಾನಾ, ತಟ್ಟೆ ಪ್ಲಾತೊ, ಚಮಚ ಕುಚಾರಾ. ಬಚ್ಚಲಿಗೆ ಬಾಞೊ. ವರ್ಣಮಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡಿ ಮರೆತುಬಿಡುವ 'ಞ' ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು! ಮಲಯಾಳ ಬಲ್ಲ ನಮ್ಮವರಿಗೆ ಅದೇನೂ ಕಷ್ಟವಲ್ಲ. ಮಂಚಕ್ಕೆ ಕಾಮಾ ಎಂದಾಗ ಅಜ್ಜಿ "ಹೋಳಿ ಹುಣ್ಣಿವಿ ಕಾಮಣ್ಣ" ಎಂದು ನೆನಪಿಟ್ಟುಕೊಂಡರು. ನಡುವಿನ ದೊಡ್ಡ ಕೋಣೆ ಸಾಲಾ. "ಪಡಸಾಲಿಯೊಳಗಿನ ಸಾಲಿ" ಎಂದರು. ಎರಡಕ್ಕೂ ನಂಟಿಲ್ಲ, ಆದರೆ ನೆನಪಿಗೆ ನಂಟು ಯಾಕೆ ಬೇಕು?

ನಿಜವಾದ ನಂಟು ಇರುವುದು ನಮ್ಮ ಕರಾವಳಿಯಲ್ಲಿ. 1498ರಲ್ಲಿ ಕೇರಳಕ್ಕೆ ಬಂದಿಳಿದ ಪೋರ್ಚುಗೀಸರ ಭಾಷೆ ಸ್ಪ್ಯಾನಿಷಿನ ಒಡಹುಟ್ಟು. ಆದುದರಿಂದ ಮೇಜಿಗೆ ಮೇಸಾ, ಅಡಿಗೆಮನೆಗೆ ಕೊಸೀನಾ, ಬೀರುವಿಗೆ ಅರ್ಮಾರ್ಯೊ, ಬೈರಾಸಿಗೆ ತೊಆಯಾ ಎಂದಾಗ ಮಲಯಾಳದ ಮೇಶ, ಕುಶಿನಿ, ಅಲಮಾರ, ತುವಾಲಗಳು ನಮ್ಮ ಕಿವಿಯಲ್ಲಿ ಕೇಳಿಸಿದವು. ಅಜ್ಜಿಯ ಹೆಗಲ ಮೇಲಿದ್ದದ್ದು ಸೊಲ್ಲಾಪುರದ್ದೇ ಟವೆಲು. ಚಾದರಕ್ಕೂ ಟವೆಲಿಗೂ ಹೆಸರಾದ ಊರಲ್ಲವೇ ಅದು! ಆದರೆ ಎಲ್ಲ ಕಡೆ ಈ ಜಾಣತನ ನಡೆಯದು. ಕಸೇರ, ಜನಲ್ ಎರಡೂ ಪೋರ್ಚುಗೀಸಿನಿಂದ ಬಂದವೇ, ಆದರೂ ಸ್ಪ್ಯಾನಿಷಿನವನಿಗೆ ಅರ್ಥವಾಗವು. ಅವರ ಕುರ್ಚಿ ಸಿಯಾ. 'ಕಾದೇರಾ' ಎಂದರೆ ಅವರಲ್ಲಿ ಸೊಂಟ!

ಒಂದು ಕಷ್ಟ ಉಳಿದಿತ್ತು. ಅಲ್ಲಿ ವಸ್ತುಗಳಿಗೂ ಗಂಡು ಹೆಣ್ಣು ಉಂಟು. 'ಎಲ್' ಗಂಡಿಗೆ, 'ಲಾ' ಹೆಣ್ಣಿಗೆ. ಮೇಜು ಹೆಣ್ಣು, ತಟ್ಟೆ ಗಂಡು. ಕನ್ನಡ ವ್ಯಾಕರಣ ಕಲಿಸುವ ನಮಗೆ ಇದು ವಿಚಿತ್ರ. ಅಜ್ಜಿಗೆ ಏನೂ ಅನಿಸಲಿಲ್ಲ. ಬಾಳೆಲ್ಲ ಸಂತೆ ಕಚೇರಿಗಳಲ್ಲಿ ಮರಾಠಿ ಆಡಿದವರು. ಮರಾಠಿಯಲ್ಲಿ ಖುರ್ಚಿ, ಖಿಡಕಿ ಹೆಣ್ಣು, ಆರಸಾ ಎಂಬ ಕನ್ನಡಿ ಗಂಡು. ಸ್ಪ್ಯಾನಿಷಿನಲ್ಲೂ ಹಾಗೆಯೇ. ದರವಾಜಾ ಮಾತ್ರ ಮರಾಠಿಯಲ್ಲಿ ಗಂಡು, ಅಲ್ಲಿ ಹೆಣ್ಣು. 'ಆ'ದಲ್ಲಿ ಮುಗಿದರೆ ಸಾಮಾನ್ಯವಾಗಿ ಹೆಣ್ಣು, 'ಒ' ಬಂದರೆ ಗಂಡು ಎಂಬ ಸೂತ್ರ ಹೇಳಿದೆವು. ಗಡಿಯಲ್ಲಿ ಬದುಕಿದ್ದು ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೋ!

ಚೀಟಿ ಬರೆಯುವಾಗ ಎಡಕ್ಕೆ ಕನ್ನಡ ಹೆಸರು ಬೇಕಿತ್ತು. ನೆರೆಯ ಮಕ್ಕಳನ್ನು ಕೇಳಿದರೆ ಖೋಲಿ, ಖಿಡಕಿ, ಕಪಾಟ, ಬಾಥರೂಮು ಎಂದರು. ಊರಿಗೆ ಮರಳಿದ ಮೇಲೆ ನಮ್ಮ ಎಂಟನೆಯ ತರಗತಿಯಲ್ಲಿ ಕೇಳಿದೆವು: ಜನಲ್, ಮೇಶ, ಹಾಲ್. ಎರವಲು ಬಂದದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ನಾವು ಕುಳಿತುಕೊಳ್ಳುವ ಕುರ್ಚಿಯೇ ಅರಬ್ಬಿಯಿಂದ ಬಂದದ್ದು. ಆದರೆ ಅಗಳಿ ಯಾವುದು ಎಂದರೆ ಆ ಹಳ್ಳಿಯ ಮಕ್ಕಳೂ ನಮ್ಮ ಮಕ್ಕಳೂ ಒಂದೇ ರೀತಿ ಬಾಯಿ ಬಿಟ್ಟರು. ಕದವೇ ಬದಲಾದ ಮೇಲೆ ಅಗಳಿ ಎಲ್ಲಿ?

ಎಂಟನೆಯ ದಿನ ಸಂಜೆ ಅಜ್ಜಿ ಫೋನು ಹಿಡಿದು ಮನೆ ಸುತ್ತಿದರು. ಒಂದೊಂದನ್ನೂ ಮೊದಲು ಸ್ಪ್ಯಾನಿಷಿನಲ್ಲಿ, ಹಿಂದೆಯೇ ಕನ್ನಡದಲ್ಲಿ ಹೇಳಿದರು. "ಲಾ ಪ್ವೆರ್ತಾ, ಬಾಗಿಲಾ." ಹುಡುಗ ಮೊದಲು ನಾಚಿದ, ಮತ್ತೆ ಎರಡನ್ನೂ ಹೇಳತೊಡಗಿದ. ಅಡಿಗೆಮನೆಯಲ್ಲಿ ರೊಟ್ಟಿಯ ಹಂಚು ಕಂಡದ್ದೇ "ಕೊಮಾಲ್!" ಎಂದು ಕೂಗಿದ. ಮೆಕ್ಸಿಕೊದವರು ಜೋಳದಂತೆಯೇ ಕಾಣುವ ತಮ್ಮ ಮೆಕ್ಕೆಜೋಳದ ರೊಟ್ಟಿಯನ್ನು ಬೇಯಿಸುವ ಹಂಚಿಗೆ ಆ ಹೆಸರು. ಅದು ಸ್ಪೇನಿನಿಂದ ಬಂದ ಮಾತಲ್ಲ, ಸ್ಪೇನಿನವರು ಬರುವ ಮೊದಲೇ ಅಲ್ಲಿದ್ದ ನಾವಾತ್ಲ್ ಭಾಷೆಯದು. ಅಜ್ಜಿಗೆ ಆ ದೇಶದ ಮೇಲೆ ಒಮ್ಮೆಲೇ ಗೌರವ ಬಂತು.

ಅಂಗಳದ ಮೂಲೆಯಲ್ಲಿ ಚಪ್ಪಡಿ ಕಲ್ಲು ಕಂಡು ಹುಡುಗ "ಕೆ ಎಸ್ ಎಸೊ?" ಅದೇನು ಎಂದು ಕೇಳಿದ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವು ಅದು. ಮರಾಠಿಯಲ್ಲಿ ಪೇವ್. ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಆ ರಾತ್ರಿ ಹುಡುಕಿದರೆ ಸಿಕ್ಕಿತು: ಎಲ್ ಸಿಲೊ. ಇಂಗ್ಲಿಷಿನವರು ಧಾನ್ಯದ ಗೋಪುರಕ್ಕೆ ಹೇಳುವ 'ಸೈಲೊ' ಸ್ಪ್ಯಾನಿಷಿನಿಂದಲೇ ಹೋದದ್ದು. ಮೂಲದಲ್ಲಿ ಅದು ಧಾನ್ಯ ಕಾಪಿಡುವ ನೆಲದ ಗುಂಡಿ, ನಮ್ಮ ಹಗೇವೇ.

ಮರುದಿನ ಅಜ್ಜಿ ಹೇಳಿದರು. ಹುಡುಗ "ಹಗೇಬು" ಎಂದ. ಅವರ ನಾಲಗೆಗೆ 'ವ' ಬಾರದು, 'ಬ' ಆಗುತ್ತದೆ. ಅಜ್ಜಿ ತಿದ್ದಲಿಲ್ಲ. ಹಿಂದೆ ನಿಂತಿದ್ದ ಮಗಳು ಆ ಕಲ್ಲು ಎತ್ತಿದ್ದನ್ನು ತಾನೂ ನೋಡಿಲ್ಲ ಎಂದರು.

"ಹಂಗಾರ ಇನ್ನೊಂದು ಚೀಟಿ ಬರೀರಿ ಮಾಸ್ತರ" ಎಂದರು ಅಜ್ಜಿ, "ಇದು ಮಗಳಿಗಿ."